ಭಾನುವಾರದ ಕಾರು, ಸೋಮವಾರದ ಕಾರು

ಪುಣೆಯ ಕಾರುಪ್ರೇಮಿಗಳನ್ನು ನೋಡಬೇಕೆಂದರೆ ಭಾನುವಾರ ಬೆಳಗಿನ ಜಾವ ಲವಾಸಾ ರಸ್ತೆಗೋ ತಾಮ್ಹಿಣಿ ಘಾಟಿಗೋ ಹೋಗಬೇಕು. ಇಪ್ಪತ್ತು ವರ್ಷ ದಾಟಿದ ಫಿಯೆಟ್ ಪಾಲಿಯೊ 1.6, ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್, ಫೋರ್ಡ್ ಐಕಾನ್, ಮಾರುತಿ ಜಿಪ್ಸಿ, 2022ರಲ್ಲಿ ತಯಾರಿಕೆ ನಿಂತ ಪೋಲೊ, ಇವೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ಒಂದೊಂದನ್ನೂ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಒರೆಸಿ ತಂದಿರುತ್ತಾರೆ. ಟೈರಿನಲ್ಲಿ ಎಷ್ಟು ಗಾಳಿಯಿದೆ, ಯಾವ ದರ್ಜೆಯ ಎಂಜಿನ್ ಆಯಿಲ್ ಹಾಕಿದೆ, ಟೈಮಿಂಗ್ ಬೆಲ್ಟ್ ಬದಲಿಸಿದ್ದು ಯಾವ ತಿಂಗಳು ಎಂದು ಕೇಳಿದರೆ ಮಾಲೀಕ ತಡವರಿಸದೆ ಹೇಳುತ್ತಾನೆ.

ಅದೇ ಮನುಷ್ಯ ಸೋಮವಾರ ಬೆಳಿಗ್ಗೆ 9ಕ್ಕೆ ಸಿಂಹಗಡ ರಸ್ತೆಯಲ್ಲಿ ಇನ್ನೊಂದು ಕಾರಿನಲ್ಲಿ ಕೂತಿರುತ್ತಾನೆ. ಅದರ ಟೈರು ಯಾವ ವರ್ಷದ್ದೆಂದು ಅವನಿಗೆ ಗೊತ್ತಿಲ್ಲ. ವೈಪರ್ ಗಾಜಿನ ಮೇಲೆ ಕೆಸರು ಬಳಿಯುತ್ತದೆ. ಬ್ರೇಕ್ ಒತ್ತಿದರೆ ಲೋಹ ಲೋಹಕ್ಕೆ ತಿಕ್ಕುವ ಸದ್ದು. ಕೇಳಿದರೆ ಉತ್ತರ ಸಿದ್ಧವಾಗಿದೆ: 'ಅದಾ? ಅದು ಬರೀ ಓಡಾಟಕ್ಕೆ.'

ಈ 'ಬರೀ' ಎಂಬ ಮಾತನ್ನು ತರಾಟೆಗೆ ತೆಗೆದುಕೊಳ್ಳಬೇಕಾದ ಕಾಲ ಬಂದಿದೆ. ಭಾನುವಾರದ ಕಾರು ವಾರಕ್ಕೆ ಎರಡೋ ಮೂರೋ ತಾಸು, ಹೆಚ್ಚೂಕಡಿಮೆ ಖಾಲಿ ರಸ್ತೆಯಲ್ಲಿ ಓಡುತ್ತದೆ. ಸೋಮವಾರದ ಕಾರು ವಾರದಲ್ಲಿ ಆರು ದಿನ ಶಾಲೆಯ ಮಕ್ಕಳು, ಸ್ಕೂಟರ್ ಸವಾರರು, ರಸ್ತೆ ದಾಟುವ ಮುದುಕರ ನಡುವೆ ಓಡುತ್ತದೆ. ಯಾರಿಗೆ ಎಷ್ಟು ಅಪಾಯವಿದೆ ಎಂದು ನೋಡಿ ಆರೈಕೆ ಹಂಚುವುದಾಗಿದ್ದರೆ ಮೊದಲ ಪಾಲು ಸೋಮವಾರದ ಕಾರಿಗೆ ಹೋಗಬೇಕಿತ್ತು. ಬ್ರೇಕ್ ಆಯಿಲ್ ಎಂದರೇನು ಎಂದೇ ತಿಳಿಯದ ಮಾಲೀಕನನ್ನು ಹೇಗೋ ಕ್ಷಮಿಸಬಹುದು. ಅದರ ಕುದಿಬಿಂದು ಎಷ್ಟೆಂದು ಬಲ್ಲವನು, ಒಂದು ಕಾರಿನಲ್ಲಿ ಅದನ್ನು ತಪ್ಪದೆ ಬದಲಿಸಿ, ಹೆಂಡತಿ ಮಕ್ಕಳು ದಿನಾ ಕೂರುವ ಇನ್ನೊಂದರಲ್ಲಿ ವರ್ಷಗಟ್ಟಲೆ ಮರೆತರೆ ಅದನ್ನು ಪ್ರೀತಿ ಎನ್ನಲಾಗದು.

ಇದು ಪುಣೆಯಲ್ಲಿ ನಡೆಯುತ್ತಿದೆ ಎನ್ನುವುದು ಮುಖ್ಯ. ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಶುರುವಾದದ್ದು 1966ರಲ್ಲಿ, ಅದು ಇದೇ ಊರಿನ ಗುಡ್ಡದ ಮೇಲಿದೆ. ರಸ್ತೆ ಸಾರಿಗೆಯ ಕೇಂದ್ರ ಸಂಸ್ಥೆ ಸಿಐಆರ್‌ಟಿ ಭೋಸರಿಯಲ್ಲಿದೆ. ಪಿಂಪ್ರಿಯಲ್ಲಿ ಟಾಟಾ, ಚಾಕಣದಲ್ಲಿ ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ರಾಂಜಣಗಾವ್‌ನಲ್ಲಿ ಫಿಯೆಟ್ ಮತ್ತು ಟಾಟಾ ಜೊತೆಗೂಡಿ ನಡೆಸಿದ ಕಾರ್ಖಾನೆ ಇವೆ. ಈ ಊರಿನ ಯಾವುದೇ ದೊಡ್ಡ ಹೌಸಿಂಗ್ ಸೊಸೈಟಿಯ ಮೆಟ್ಟಿಲಲ್ಲಿ ನಿಂತು ಕೂಗಿದರೆ ಒಬ್ಬಿಬ್ಬರು ವಾಹನ ಎಂಜಿನಿಯರುಗಳು ಹೊರಗೆ ಬಂದಾರು. ಆದರೂ ಸೊಸೈಟಿಯ ನೆಲಮಾಳಿಗೆಯಲ್ಲಿ ನಿಂತ ಕಾರುಗಳ ಟೈರುಗಳನ್ನು ಒಮ್ಮೆ ಬಗ್ಗಿ ನೋಡಿದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನೆನಪಾಗುತ್ತದೆ.

ಎರಡು ದಿನದ ಪ್ರಯಾಣಕ್ಕೆ ಕೊಂಡ ಗಾಡಿ

ತಪ್ಪು ಶುರುವಾಗುವುದು ಕೊಳ್ಳುವಾಗಲೇ. ಹವ್ಯಾಸಕ್ಕೊಂದು ಕಾರು ಇಟ್ಟುಕೊಂಡವರು ನಿತ್ಯಕ್ಕೆಂದು ಎರಡನೆಯದನ್ನು ಆರಿಸುವಾಗ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದೋ ಅಗತ್ಯಕ್ಕಿಂತ ದೊಡ್ಡ ಗಾಡಿ, ಇಲ್ಲವೇ ಯಾರೋ ಬಿಸಾಡುವಂತಿದ್ದ ಗುಜರಿ.

ದೊಡ್ಡ ಗಾಡಿಗೆ ಪುಣೆಯ ಕನ್ನಡಿಗರ ಬಳಿ ಒಂದು ಖಾಯಂ ಕಾರಣವಿದೆ: ಊರಿಗೆ ಹೋಗಬೇಕು. ಗಣೇಶನ ಹಬ್ಬಕ್ಕೋ ಬೇಸಿಗೆ ರಜೆಗೋ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೆ, ಅಲ್ಲಿಂದ ಹುಬ್ಬಳ್ಳಿಗೋ ಉಡುಪಿಗೋ ಹೋಗಬೇಕು. ಐದು ಜನ, ಆರು ಚೀಲ, ಹಿಂತಿರುಗುವಾಗ ತೆಂಗಿನಕಾಯಿ ಮೂಟೆ. ಆದ್ದರಿಂದ ಏಳು ಸೀಟಿನ ಗಾಡಿ. ಲೆಕ್ಕ ಮೇಲ್ನೋಟಕ್ಕೆ ಸರಿ. ಆದರೆ ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ಉಳಿದ ಮುನ್ನೂರೈವತ್ತು ದಿನ ಆ ಏಳು ಸೀಟಿನಲ್ಲಿ ಒಬ್ಬನೇ ಕೂತು ಕರ್ವೇನಗರದಿಂದ ಶಿವಾಜಿನಗರಕ್ಕೆ ಹೋಗುತ್ತಾನೆ. ಎರಡು ಪ್ರಯಾಣಕ್ಕೆ ಬಾಡಿಗೆ ಗಾಡಿ ಹಿಡಿದರೂ ಆಗುತ್ತದೆ, ರೈಲೂ ಇದೆ, ಬಸ್ಸೂ ಇದೆ. ಮದುವೆಗೆ ದೊಡ್ಡ ಪಾತ್ರೆ ಬೇಕೆಂದು ದಿನದ ಅನ್ನವನ್ನೂ ಅದೇ ಹಂಡೆಯಲ್ಲಿ ಬೇಯಿಸುವವರು ಯಾರೂ ಇಲ್ಲ.

ನಗರದ ಒಳಗೆ ಕಾರಿನ ಅಳತೆ ಎಂದರೆ ಮುಖ್ಯವಾಗಿ ಅಗಲ. ಕಸಬಾ, ಸದಾಶಿವ, ನಾರಾಯಣ ಪೇಠೆಗಳ ಗಲ್ಲಿಗಳು ಎತ್ತಿನ ಗಾಡಿಯ ಕಾಲದವು. ಅಲ್ಲಿ ಎದುರಿಗೊಂದು ಕಾರು ಬಂದಾಗ ಯಾರು ಹಿಂದೆ ಸರಿಯಬೇಕು ಎಂಬ ಜಗಳವನ್ನು ನಿರ್ಧರಿಸುವುದು ಒಂದೊಂದು ಅಂಗುಲ. ಆದರೆ ನಮ್ಮ ದೇಶದ ತೆರಿಗೆ ಅಗಲವನ್ನು ಅಳೆಯುವುದೇ ಇಲ್ಲ. 2006ರ ಬಜೆಟ್ಟಿನಲ್ಲಿ 'ಸಣ್ಣ ಕಾರಿ'ಗೆ ತೆರಿಗೆ ಇಳಿಸಿದಾಗ ನೋಡಿದ್ದು ಉದ್ದವನ್ನು ಮತ್ತು ಎಂಜಿನ್ನಿನ ಗಾತ್ರವನ್ನು: 4,000 ಮಿಲಿಮೀಟರಿನ ಒಳಗೆ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ. ಕಂಪನಿಗಳು ಉದ್ದವನ್ನು 4 ಮೀಟರಿಗೆ ಕತ್ತರಿಸಿ, ಅಗಲಕ್ಕೂ ಎತ್ತರಕ್ಕೂ ಬೆಳೆದವು. ರಾಂಜಣಗಾವ್‌ನಲ್ಲಿ ತಯಾರಾಗುವ ನೆಕ್ಸಾನ್ 3,995 ಮಿ.ಮೀ. ಉದ್ದ, 1,804 ಮಿ.ಮೀ. ಅಗಲ. ಕಾನೂನಿನ ಕಣ್ಣಿಗೆ ಅದೂ ಸಣ್ಣ ಕಾರು, 1,490 ಮಿ.ಮೀ. ಅಗಲದ ಆಲ್ಟೊ ಕೆ10 ಕೂಡ ಸಣ್ಣ ಕಾರು. ನಡುವಿನ ವ್ಯತ್ಯಾಸ ಒಂದಡಿಗಿಂತ ಹೆಚ್ಚು. ಜಪಾನಿನಲ್ಲಿ 'ಕೇ' ಎನ್ನುವ ಸಣ್ಣ ಕಾರುಗಳ ವರ್ಗಕ್ಕೆ ಉದ್ದ 3.4 ಮೀಟರ್ ಎಂದಿದ್ದಂತೆ ಅಗಲವೂ 1.48 ಮೀಟರ್ ಮೀರಬಾರದು ಎಂಬ ಕಟ್ಟಳೆಯಿದೆ. ಅಲ್ಲಿಯ ಗಲ್ಲಿಗಳು ಬದುಕಿದ್ದು ಹಾಗೆ.

ಸಣ್ಣ ಕಾರಿನ ಪಾಠ ಪುಣೆಗೆ ಹೊರಗಿನವರು ಹೇಳಿಕೊಡಬೇಕಾದುದೇನಲ್ಲ. ಟಾಟಾ ನ್ಯಾನೊ ಕಾಗದದ ಮೇಲೆ ಮೂಡಿದ್ದು ಇದೇ ಊರಿನ ಎಂಜಿನಿಯರುಗಳ ಕೈಯಲ್ಲಿ. ಉದ್ದ 3.1 ಮೀಟರ್, ಅಗಲ ಒಂದೂವರೆ ಮೀಟರಿಗೂ ಕಡಿಮೆ, 4 ಮೀಟರ್ ತ್ರಿಜ್ಯದಲ್ಲಿ ತಿರುಗುವ ಗಾಡಿ. 2009ರಲ್ಲಿ ಅದನ್ನು ಬಡವನ ಮೊದಲ ಕಾರು ಎಂದು ಮಾರಲು ಹೊರಟರು. ಬಡವನಿಗೆ ದೇಶದ ಅತಿ ಅಗ್ಗದ ಕಾರಿನ ಮಾಲೀಕ ಎನಿಸಿಕೊಳ್ಳುವುದು ಬೇಕಿರಲಿಲ್ಲ. 2018ರ ಕೊನೆಗೆ ತಯಾರಿಕೆ ನಿಂತೇ ಹೋಯಿತು. ಅದು ನಿಜವಾಗಿ ಹೊಂದುತ್ತಿದ್ದುದು ಮನೆಯಲ್ಲಿ ಆಗಲೇ ಒಂದು ಕಾರು ಇದ್ದವರಿಗೆ, ಅಂದರೆ ಇದೇ ಕಾರುಪ್ರೇಮಿಗಳಿಗೆ. ಅವರು ಅದನ್ನು ನೋಡಿ ನಕ್ಕರು. ಇಂದು ಚಾಕಣದಿಂದ ಹೊರಬೀಳುವ ಸ್ಕಾರ್ಪಿಯೊ-ಎನ್ ನೆಲದ ಮೇಲೆ ಹಿಡಿಯುವ ಜಾಗ ಸುಮಾರು 9 ಚದರ ಮೀಟರ್. ಹೆಚ್ಚೂಕಡಿಮೆ ಎರಡು ನ್ಯಾನೊ ಹಿಡಿಯುತ್ತಿದ್ದಷ್ಟು ಜಾಗ ಅದು. ಸ್ಕಾರ್ಪಿಯೊ ಕೆಟ್ಟ ಗಾಡಿಯೇನಲ್ಲ. ಲಕ್ಷ್ಮಿ ರಸ್ತೆಯಲ್ಲಿ ಕೊತ್ತಂಬರಿ ಸೊಪ್ಪು ತರಲು ಅದನ್ನು ಒಯ್ಯುವುದು ಕೆಟ್ಟ ಆಯ್ಕೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ: ಸುರಕ್ಷತೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ನ್ಯಾನೊ, ಆಲ್ಟೊ 800 ಸೇರಿದಂತೆ ಏರ್‌ಬ್ಯಾಗ್ ಇಲ್ಲದ ಐದು ಕಾರುಗಳೂ ಸೊನ್ನೆ ನಕ್ಷತ್ರ ಪಡೆದವು. ಈ ಸತ್ಯವನ್ನು ಮುಚ್ಚಿಟ್ಟು ಸಣ್ಣ ಕಾರಿನ ಪರ ವಾದಿಸುವುದು ಅಪ್ರಾಮಾಣಿಕ. ಆದರೆ ಅದಕ್ಕೆ ಉತ್ತರ ಎರಡು ಟನ್ನಿನ ಗಾಡಿ ಅಲ್ಲ. ಆ ಪರೀಕ್ಷೆಯ ನಂತರ ಕಾನೂನು ಬದಲಾಯಿತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕು, ಜುಲೈನಿಂದ ಚಾಲಕನ ಏರ್‌ಬ್ಯಾಗ್, ಅಕ್ಟೋಬರ್‌ನಿಂದ ಅಪಘಾತ ಪರೀಕ್ಷೆಯ ಕನಿಷ್ಠ ಮಟ್ಟ ಕಡ್ಡಾಯವಾದವು. 2022ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇರಲೇಬೇಕು. ಆದ್ದರಿಂದ ನಿತ್ಯದ ಕಾರು ಹುಡುಕುವವರಿಗೆ ಗೆರೆ ಸ್ಪಷ್ಟವಾಗಿದೆ: 2019ರ ಅಕ್ಟೋಬರ್ ನಂತರ ತಯಾರಾದ, ಆದಷ್ಟು ಕಿರಿದಾದ, ಪೆಟ್ರೋಲಿನ ಹ್ಯಾಚ್‌ಬ್ಯಾಕ್. 2022ರ ಈಚಿನದಾದರೆ ಇನ್ನೂ ಒಳ್ಳೆಯದು. ಸುರಕ್ಷತೆಯ ಮಾತಾಡುವವರು ಯಾರ ಸುರಕ್ಷತೆ ಎಂದೂ ಹೇಳಬೇಕು. ಒಂದು ಕಾಲದಲ್ಲಿ ಸೈಕಲ್ಲಿನ ಊರು ಎನಿಸಿಕೊಂಡಿದ್ದ ಪುಣೆಯಲ್ಲಿ, ಎದೆಯೆತ್ತರದ ಬಾನೆಟ್ಟಿನ ಹಿಂದೆ ಕೂತವನಿಗೆ ಮುಂದೆ ನಿಂತ ಆರು ವರ್ಷದ ಮಗು ಕಾಣುವುದಿಲ್ಲ.

ಹದಿನೈದು ವರ್ಷ ಯಾರೂ ನೋಡದ ಬ್ರೇಕು

ಎರಡನೆಯ ದಾರಿ ಗುಜರಿಯದು. ಇದನ್ನು ಹಿಡಿದವರಲ್ಲಿ ಒಂದು ಬಗೆಯ ಹೆಮ್ಮೆಯೂ ಇರುತ್ತದೆ. 'ಅರವತ್ತು ಸಾವಿರಕ್ಕೆ ತಂದೆ, ಒಂದು ರೂಪಾಯಿ ಹಾಕಿಲ್ಲ, ಇನ್ನೂ ಓಡುತ್ತಿದೆ.' ಓಡುವುದು ದೊಡ್ಡ ಮಾತಲ್ಲ. ಬೇಕಾದಲ್ಲಿ, ಬೇಕಾದಾಗ ನಿಲ್ಲುತ್ತದೆಯೇ?

ಈ ಪ್ರಶ್ನೆಯನ್ನು ಸರ್ಕಾರ ಕೇಳುವುದಿಲ್ಲ ಎಂಬುದು ಹೆಚ್ಚಿನವರಿಗೆ ಹೊಳೆದೇ ಇರುವುದಿಲ್ಲ. ಲಾರಿ, ಟ್ಯಾಕ್ಸಿ, ಬಸ್ಸುಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ ಉಂಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಸಿಂಧು. ಅಷ್ಟೂ ಕಾಲ ಅದರ ಬ್ರೇಕು, ಸ್ಟಿಯರಿಂಗ್, ಟೈರುಗಳನ್ನು ಯಾವ ಅಧಿಕಾರಿಯೂ ನೋಡಬೇಕಾಗಿಲ್ಲ. ನೋಡುವುದು ಹೊಗೆಯನ್ನು ಮಾತ್ರ, ಪಿಯುಸಿ ಗೂಡಂಗಡಿಯಲ್ಲಿ. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿವರ್ಷ ತಪಾಸಣೆ. ಜರ್ಮನಿ, ಜಪಾನುಗಳಲ್ಲಿ ಮೊದಲು 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ. ಇಲ್ಲಿ 15 ವರ್ಷ ಎಲ್ಲವೂ ಮಾಲೀಕನ ಮನಸ್ಸಾಕ್ಷಿಗೆ ಬಿಟ್ಟಿದ್ದು. ಆ ಮನಸ್ಸಾಕ್ಷಿ ಭಾನುವಾರದ ಕಾರಿನ ಜೊತೆ ಲವಾಸಾಕ್ಕೆ ಹೋಗಿರುತ್ತದೆ.

15 ವರ್ಷ ದಾಟಿದ ಮೇಲೂ ಸರ್ಕಾರ ಮುಖ್ಯವಾಗಿ ಎಣಿಸುವುದು ವಯಸ್ಸನ್ನೇ. 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ದೆಹಲಿಯಲ್ಲಂತೂ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷ ಎಂಬ ಗೆರೆ ಎಳೆದು ವರ್ಷಗಟ್ಟಲೆ ಜಗ್ಗಾಡಿದರು. ಈ ನೀತಿಯ ವಿರುದ್ಧ ಕಾರುಪ್ರೇಮಿಗಳ ದೂರು ನ್ಯಾಯವಾದದ್ದೇ: ವಯಸ್ಸನ್ನು ನೋಡಬೇಡಿ, ಸ್ಥಿತಿಯನ್ನು ನೋಡಿ. ಆದರೆ ಹಾಗೆ ಕೇಳುವ ಹಕ್ಕು ಬರಬೇಕಾದರೆ ತಮ್ಮ ಸೋಮವಾರದ ಕಾರಿನ ಸ್ಥಿತಿಯನ್ನು ತೋರಿಸಲು ಅಂಜಬಾರದು. ಸದ್ಯಕ್ಕೆ ಅಂಜುವಂತೆಯೇ ಇದೆ.

ನೋಡಬೇಕಾದದ್ದು ಹೆಚ್ಚೇನಿಲ್ಲ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ಟೈರಿನ ಹಲ್ಲು ಹಾಗೇ ಉಳಿದಿರುತ್ತದೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ ಅದು ಹಲ್ಲಿದ್ದೂ ಜಾರುತ್ತದೆ. ಹಲ್ಲು 1.6 ಮಿ.ಮೀ.ಗೆ ಇಳಿದರಂತೂ ಬದಲಿಸಲೇಬೇಕು. ಅದನ್ನು ತೋರಿಸಲೆಂದೇ ಟೈರಿನ ಕಾಲುವೆಗಳಲ್ಲಿ ಸಣ್ಣ ಉಬ್ಬುಗಳಿರುತ್ತವೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಒಳಗಿನ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಕರ್ನಾಟಕದಿಂದ ಪುಣೆಗೆ ಬರುವವರೆಲ್ಲ ಕೊನೆಗೆ ಇಳಿಯುವ ಇಳಿಜಾರು ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನದು. 2022ರ ನವೆಂಬರ್ 20ರಂದು ಭಾರಿ ವಾಹನವೊಂದು ನಿಯಂತ್ರಣ ತಪ್ಪಿ ನಲವತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿದ್ದು ಅಲ್ಲೇ. ಆ ಹಾದಿಯಲ್ಲಿ ಎಲ್ಲರೂ ಲಾರಿಗಳನ್ನು ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ಲಾರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತಪಾಸಣೆಯಾದರೂ ಇದೆ. ಅದರ ಹಿಂದೆ ಮುಂದೆ ಇಳಿಯುವ ಕಾರುಗಳಲ್ಲಿ ಬ್ರೇಕ್ ಆಯಿಲ್ ಎಷ್ಟು ವರ್ಷದ್ದು ಎಂದು ಕೇಳುವವರಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಖರ್ಚು ಕುಟುಂಬದೊಂದಿಗೆ ಒಂದು ಸಲ ಹೋಟೆಲಿಗೆ ಹೋಗಿ ಬಂದಷ್ಟೂ ಆಗದು.

ಆರು ಕಿಲೋಮೀಟರಿನ ಬಾಳು

ಸೋಮವಾರದ ಕಾರು ಹೆಚ್ಚು ಓಡುವುದಿಲ್ಲವಾದ್ದರಿಂದ ಅದಕ್ಕೆ ಹೆಚ್ಚು ಸರ್ವಿಸ್ ಬೇಡ ಎಂಬುದು ಇನ್ನೊಂದು ತಪ್ಪು ನಂಬಿಕೆ. ವಾಸ್ತವ ತಿರುಗುಮುರುಗು. ದಿನಕ್ಕೆ ಆರು ಕಿಲೋಮೀಟರ್ ಹೋಗಿ ಆರು ಕಿಲೋಮೀಟರ್ ಬರುವ ಕಾರಿನ ಬಾಳು ಬಲು ಕಷ್ಟದ್ದು. ಎಂಜಿನ್ ಪೂರ್ತಿ ಕಾಯುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರು, ಉರಿಯದೆ ಉಳಿದ ಪೆಟ್ರೋಲು ಎರಡೂ ಆಯಿಲ್ಲಿನಲ್ಲೇ ಉಳಿಯುತ್ತವೆ. ಸೈಲೆನ್ಸರಿನಲ್ಲಿ ನಿಂತ ನೀರು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಒಂದು ಸಲ ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟದ್ದು ಆ ಆರು ಕಿಲೋಮೀಟರಿನಲ್ಲಿ ಪೂರ್ತಿ ಹಿಂತಿರುಗುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ 'ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು' ಎಂದು ಬರೆದಿರುವುದು ಇದಕ್ಕೇ. ನಿತ್ಯದ ಕಾರಿನವರು ಆ ಸಾಲಿನ ಮೊದಲರ್ಧವನ್ನು ಮಾತ್ರ ಓದುತ್ತಾರೆ.

ಇದೇ ಕಾರಣಕ್ಕೆ ನಗರದ ಓಡಾಟಕ್ಕೆ ಬಿಎಸ್6 ಡೀಸೆಲ್ ಕಾರು ಕೊಳ್ಳುವುದು ಕೈಯಾರೆ ತಂದುಕೊಂಡ ತಲೆನೋವು. 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಗವೊಂದಿದೆ. ಅದು ತುಂಬಿದಾಗ ಮಸಿಯನ್ನು ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಒಂದಷ್ಟು ಹೊತ್ತು ಹೆದ್ದಾರಿಯ ವೇಗದ ಓಟ ಬೇಕು. ಸ್ವಾರಗೇಟ್ ಸಿಗ್ನಲ್ಲಿನಲ್ಲಿ ಅದು ದೊರೆಯದು. ಮಸಿ ಕಟ್ಟುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ವರ್ಕ್‌ಶಾಪಿನ ಬಿಲ್ಲು ಬರುತ್ತದೆ, ಮಾಲೀಕ ಕಂಪನಿಯನ್ನು ಬೈಯುತ್ತಾನೆ. ತಪ್ಪು ಆಯ್ಕೆಯಲ್ಲಿತ್ತು.

ಮೆಕ್ಯಾನಿಕ್ಕಿನ ವಿಷಯದಲ್ಲೂ ಇದೇ ಇಬ್ಬಗೆ. ಬೆಂಗಳೂರಿಗೆ ಜೆ.ಸಿ. ರಸ್ತೆ ಹೇಗೋ ಪುಣೆಗೆ ನಾನಾ ಪೇಠೆ ಹಾಗೆ. ಗಾಡಿಯ ಬಿಡಿಭಾಗ ಹುಡುಕಿಕೊಂಡು ಜನ ಅಲ್ಲಿಗೆ ಹೋಗುತ್ತಾರೆ. ಭಾನುವಾರದ ಕಾರಿಗಾಗಿ ಕಾರುಪ್ರೇಮಿ ಅಲ್ಲಿ ಗಂಟೆಗಟ್ಟಲೆ ಅಲೆದು ಅಸಲಿ ಭಾಗವನ್ನೇ ತರುತ್ತಾನೆ. ಸೋಮವಾರದ ಕಾರಿಗೆ 'ಲೋಕಲ್ ಹಾಕಿ ಕೊಡಪ್ಪ' ಎನ್ನುತ್ತಾನೆ. ಬಾಗಿಲಿನ ಹಿಡಿಕೆ, ಕನ್ನಡಿಯ ಕವಚ ಲೋಕಲ್ ಆದರೆ ಪರವಾಗಿಲ್ಲ. ಬ್ರೇಕ್ ಪ್ಯಾಡು, ಸ್ಟಿಯರಿಂಗಿನ ಬಾಲ್ ಜಾಯಿಂಟು, ಇಂಧನದ ಕೊಳವೆ ಹಾಗಲ್ಲ. ಪಂಪುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ 20 ಶೇಕಡ ಎಥನಾಲ್ ಇದೆ. 2023ಕ್ಕಿಂತ ಹಳೆಯ ಹೆಚ್ಚಿನ ಕಾರುಗಳ ರಬ್ಬರು ಕೊಳವೆಗಳು ಅಷ್ಟಕ್ಕೆಂದು ಮಾಡಿದವಲ್ಲ. ಅವುಗಳನ್ನು ವರ್ಷಕ್ಕೊಮ್ಮೆ ಬೆರಳಿನಿಂದ ಒತ್ತಿ, ಬಗ್ಗಿಸಿ ನೋಡುವುದು ಈಗ ಹವ್ಯಾಸದ ಮಾತಲ್ಲ.

ಇನ್ನೊಂದು ಹಳೆಯ ಚಾಳಿಯನ್ನೂ ಹೇಳಬೇಕು. ಎಂಜಿನ್ ಹೆಚ್ಚು ಕಾಯುತ್ತದೆ ಎಂದರೆ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್ಕುಗಳು ಪ್ರತಿ ಊರಿನಲ್ಲೂ ಇದ್ದಾರೆ. ಕಿತ್ತರೆ ಎಂಜಿನ್ ಕಾಯುವುದಿಲ್ಲ ನಿಜ, ಕಾಯಬೇಕಾದಷ್ಟೂ ಕಾಯುವುದಿಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಭಾನುವಾರದ ಕಾರಿಗೆ ಹೀಗೆ ಮಾಡಿದ್ದರೆ ಮಾಲೀಕ ಅಂಗಡಿಯ ಮುಂದೆ ರಾಮಾಯಣ ಮಾಡುತ್ತಿದ್ದ. ಸೋಮವಾರದ್ದಕ್ಕೆ ನೂರು ರೂಪಾಯಿ ಕೊಟ್ಟು ಬರುತ್ತಾನೆ.

ಕಾಗದ ಮತ್ತು ಜಾಗ

ಕಾರಿನ ಆರೈಕೆಯಲ್ಲಿ ಕಾಗದಗಳೂ ಸೇರಿವೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯ ಮೇಲೆ ಪುಣೆಗೆ ಬಂದಿದ್ದ ಆ ಕಾರಿನ ಖಾಯಂ ನೋಂದಣಿ ಆಗಿಯೇ ಇರಲಿಲ್ಲ, ಬಾಕಿಯಿದ್ದ ಶುಲ್ಕ 1,758 ರೂಪಾಯಿ ಎಂದು ಸಾರಿಗೆ ಇಲಾಖೆ ಆಗ ಹೇಳಿತು. ಆ ಸಾವುಗಳಿಗೆ ಕಾರಣ ಆ 1,758 ರೂಪಾಯಿ ಅಲ್ಲ. ಆದರೆ ರಸ್ತೆ ಎಂಬುದು ಹತ್ತು ಜನರ ಜಾಗ, ಅಲ್ಲಿ ಗಾಡಿ ಇಳಿಸುವವನು ಮೊದಲು ಆ ಹತ್ತು ಜನರಿಗೆ ಉತ್ತರ ಹೇಳುವವನಾಗಿರಬೇಕು ಎಂಬ ಭಾವ ಎಷ್ಟು ತೆಳುವಾಗಿದೆ ಎನ್ನುವುದನ್ನು ಆ ಅಂಕಿ ತೋರಿಸಿತು.

ಅದೇ ತೆಳುತನ ಅಗ್ಗದ ಎರಡನೇ ಕಾರುಗಳಲ್ಲೂ ಇದೆ. ಕಾರು ಮೂರು ಕೈ ಬದಲಾದರೂ ನೋಂದಣಿ ಪತ್ರ ಮೊದಲಿನವನ ಹೆಸರಿನಲ್ಲೇ ಇರುತ್ತದೆ. ಒಂದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ತಿಳಿಸಬೇಕೆಂದು ಕಾನೂನಿದೆ. ಕೆಎ ಫಲಕದ ಕಾರು ಮಹಾರಾಷ್ಟ್ರದಲ್ಲಿ 12 ತಿಂಗಳು ದಾಟಿ ಉಳಿದರೆ ಇಲ್ಲಿಯ ಸಂಖ್ಯೆ ಪಡೆಯಬೇಕು. ಪುಣೆಯ ಎಷ್ಟು ಕನ್ನಡಿಗರ ಅಂಗಳದಲ್ಲಿ ಐದಾರು ವರ್ಷದಿಂದ 'ಈಗಷ್ಟೇ ಊರಿಂದ ತಂದ' ಕಾರು ನಿಂತಿದೆಯೋ ಅವರಿಗೇ ಗೊತ್ತು. ಮೂರನೆಯವರ ವಿಮೆಯಂತೂ ಕಡ್ಡಾಯ. 1,000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 2,094 ರೂಪಾಯಿ. ಗುದ್ದಿಸಿಕೊಂಡವನ ಮನೆಯವರಿಗೆ ಪರಿಹಾರ ಸಿಗುವುದು ಆ ವಿಮೆಯಿಂದ. ಅದನ್ನು ಉಳಿಸುವುದು ಜಾಣತನವಲ್ಲ, ಇನ್ನೊಬ್ಬರ ಮನೆಯ ಮೇಲೆ ಜೂಜಾಡಿದಂತೆ.

ಇಷ್ಟೆಲ್ಲ ಓದಿದವರು ಒಂದು ಮೂಲಭೂತ ಪ್ರಶ್ನೆ ಕೇಳಬಹುದು: ಎರಡನೇ ಕಾರೇ ಏಕೆ ಬೇಕು? ಪ್ರಶ್ನೆ ಸರಿಯಾದದ್ದೇ. 2018ರಲ್ಲೇ ಪುಣೆಯ ನೋಂದಾಯಿತ ವಾಹನಗಳು 36 ಲಕ್ಷ ದಾಟಿ, ಊರಿನ ಜನರ ಅಂದಾಜು ಸಂಖ್ಯೆಯಾದ 35 ಲಕ್ಷವನ್ನು ಮೀರಿದ್ದವು. 2022ರ ಮಾರ್ಚ್‌ನಲ್ಲಿ ಶುರುವಾದ ಮೆಟ್ರೊ ಈಗ ವನಾಜ್‌ನಿಂದ ರಾಮವಾಡಿಗೂ ಪಿಂಪ್ರಿಯಿಂದ ಸ್ವಾರಗೇಟಿಗೂ ಓಡುತ್ತಿದೆ. ಅದರ ದಾರಿಯಲ್ಲಿ ಮನೆಯೂ ಕೆಲಸವೂ ಇರುವವನಿಗೆ ಎರಡನೇ ಕಾರು ಬೇಡ. ಅವನು ಭಾನುವಾರದ ಕಾರನ್ನು ಇಟ್ಟುಕೊಂಡು ಉಳಿದ ದಿನ ಮೆಟ್ರೊ ಹತ್ತಲಿ. ಅವನಂಥ ಸಭ್ಯ ಕಾರುಪ್ರೇಮಿ ಇನ್ನೊಬ್ಬನಿಲ್ಲ. ಆದರೆ ರಾತ್ರಿ ಪಾಳಿಯ ನರ್ಸಿಗೆ, ಡಯಾಲಿಸಿಸ್ಸಿಗೆ ಅಪ್ಪನನ್ನು ಕರೆದೊಯ್ಯುವ ಮಗಳಿಗೆ, ಮೆಟ್ರೊ ಮುಟ್ಟದ ಚಾಕಣದಲ್ಲಿ ಕೆಲಸವಿರುವವನಿಗೆ ಕಾರು ಬೇಕು ಎಂದರೆ ಬೇಕು. ಅಂಥವರ ಮನೆಯ ಕಾರುಪ್ರೇಮಿ ಪಾಲಿಸಬೇಕಾದ ಶರತ್ತು ಒಂದೇ: ಎರಡನೆಯದಕ್ಕೆ ಸ್ವಂತ ಜಾಗ ಇರಬೇಕು. ಜಪಾನಿನ ಬಹುಪಾಲು ಕಡೆ ಕಾರು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತರದೆ ಕಾರು ನೋಂದಾಯಿಸಲಾಗದು. ಪುಣೆಯಲ್ಲಿ ಹೊದಿಕೆ ಹೊದ್ದ ಭಾನುವಾರದ ಕಾರು ಸೊಸೈಟಿಯೊಳಗಿನ ನೆರಳಿನಲ್ಲಿ ಮಲಗಿರುತ್ತದೆ, ಸೋಮವಾರದ್ದು ಗೇಟಿನ ಹೊರಗೆ ಪಾದಚಾರಿ ಪಥದ ಮೇಲೆ ಎರಡು ಚಕ್ರ ಏರಿಸಿಕೊಂಡು ನಿಂತಿರುತ್ತದೆ. ಪ್ರೀತಿಯ ಖರ್ಚನ್ನು ದಾರಿಹೋಕರು ಭರಿಸುತ್ತಿದ್ದಾರೆ.

ಸ್ವಂತ ಜಾಗ ಇದ್ದರೆ ವಿದ್ಯುತ್ ಕಾರಿನ ದಾರಿಯೂ ತೆರೆಯುತ್ತದೆ. ಆರು ಕಿಲೋಮೀಟರಿನ ಓಡಾಟದಿಂದ ಪೆಟ್ರೋಲ್ ಎಂಜಿನ್ನಿಗೆ ಆಗುವ ಯಾವ ಕಷ್ಟವೂ ವಿದ್ಯುತ್ ಕಾರಿಗೆ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೂ ಮೋಟರ್ ಇಂಧನ ಸುಡುವುದಿಲ್ಲ. ದೂರದ ಊರಿಗೆ ಅದನ್ನು ಒಯ್ಯಬೇಕಿಲ್ಲವಾದ್ದರಿಂದ ದೊಡ್ಡ ಬ್ಯಾಟರಿಯೂ ಬೇಡ. 2022ರಲ್ಲಿ ಬಂದ ಟಿಯಾಗೊ ಇವಿ, 3 ಮೀಟರಿಗೂ ಚಿಕ್ಕದಾದ ಕಾಮೆಟ್ ಇಂಥ ಬದುಕಿಗೇ ಹೊಂದುವಂಥವು. ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಆತ್ಮವಿಲ್ಲ ಎಂದು ಕಾರುಪ್ರೇಮಿಗಳು ಗೊಣಗುತ್ತಾರೆ. ಆತ್ಮಕ್ಕೆ ಭಾನುವಾರ ಇದ್ದೇ ಇದೆಯಲ್ಲ. ಆದರೆ ಅದರ ಟೈರು, ಬ್ರೇಕ್ ಆಯಿಲ್, ವೈಪರುಗಳಿಗೂ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಮೋಟರ್ ಬದಲಾದರೆ ರಬ್ಬರು ಅಮರವಾಗುವುದಿಲ್ಲ.

ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಖಂಡೇನವಮಿಯ ದಿನ ಕಾರಿಗೆ ಹಾರ ಹಾಕಿ, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಆ ಹಬ್ಬದಲ್ಲಿ ಪೂಜೆ ಪಡೆಯುವುದು ದಿನಾ ಕೈಯಲ್ಲಿ ಹಿಡಿಯುವ ಕುಡುಗೋಲು, ಕೊಡಲಿ, ತಕ್ಕಡಿ, ನೇಗಿಲು. ಗೋಡೆಗೆ ತೂಗುಹಾಕಿದ ಅಲಂಕಾರದ ಕತ್ತಿಯೊಂದೇ ಅಲ್ಲ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಸಿಕೊಳ್ಳುವ ಎತ್ತು ಕೂಡ ಹೊಲ ಉತ್ತ ಎತ್ತೇ. ರೈತ ಜಾತ್ರೆಗೆ ಓಡಿಸುವ ಹೋರಿಯನ್ನು ಮುದ್ದು ಮಾಡಿದರೂ ಉಳುವ ಎತ್ತಿನ ಕಾಲಿಗೆ ಲಾಳ ಕಟ್ಟಿಸುವುದನ್ನು ಮರೆಯುವುದಿಲ್ಲ. ಈ ಬುದ್ಧಿ ಕಾರಿನ ಕಾಲಕ್ಕೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗಿದೆ.

ಕಳೆದುಹೋದದ್ದನ್ನು ಮರಳಿ ತರಲು ಪುಣೆಯ ಕಾರುಪ್ರೇಮಿಗಳಿಗೆ ಸರ್ಕಾರದ ಆದೇಶ ಬೇಕಾಗಿಲ್ಲ. ತಿಂಗಳ ಒಂದು ಭಾನುವಾರ ಲವಾಸಾಕ್ಕೆ ಹೋಗುವ ಬದಲು ಪ್ರತಿಯೊಬ್ಬರೂ ಸೋಮವಾರದ ಕಾರನ್ನು ಸೊಸೈಟಿಯ ಅಂಗಳಕ್ಕೆ ತರಲಿ. ಒಬ್ಬರ ಕಾರನ್ನು ಇನ್ನೊಬ್ಬರು ನೋಡಲಿ: ಟೈರಿನ ವರ್ಷ, ಬ್ರೇಕ್ ಆಯಿಲ್ಲಿನ ಬಣ್ಣ, ಹಿಂದಿನ ದೀಪ, ವೈಪರ್, ಕೊಳವೆ, ವಿಮೆಯ ಕೊನೆಯ ದಿನಾಂಕ. ನಾಚಿಕೆಯಾಗುವಂಥದ್ದು ಸಿಕ್ಕರೆ ಅಲ್ಲೇ ಬರೆದುಕೊಳ್ಳಲಿ. ಪಕ್ಕದ ಮನೆಯ, ಕಾರಿನ ಬಗ್ಗೆ ಏನೂ ತಿಳಿಯದವರ ಗಾಡಿಯನ್ನೂ ಕರೆಯಲಿ. ಬಲ್ಲವರಿರುವ ಊರಿನಿಂದ ಅಷ್ಟನ್ನು ನಿರೀಕ್ಷಿಸಬಹುದು. ಆಮೇಲೆ ಎಲ್ಲರೂ ಸೇರಿ ಸರ್ಕಾರವನ್ನು ಕೇಳಲಿ: ವಯಸ್ಸು ಎಣಿಸುವುದು ಬಿಡಿ, ಮೂರನೇ ವರ್ಷದಿಂದಲೇ ಪ್ರತಿ ಖಾಸಗಿ ಕಾರಿನ ಬ್ರೇಕು, ಟೈರು, ಸ್ಟಿಯರಿಂಗುಗಳನ್ನು ತಪಾಸಣೆ ಮಾಡಿ, ಪಾಸಾದ ಹಳೆಯ ಕಾರನ್ನು ಓಡಲು ಬಿಡಿ, ಫೇಲಾದ ಹೊಸ ಕಾರನ್ನು ನಿಲ್ಲಿಸಿ. ಆ ಬೇಡಿಕೆಯ ಕಾಗದವನ್ನು ಕೊಡಲು ಆರ್‌ಟಿಓ ಕಚೇರಿಗೆ ಹೋಗುವಾಗ ಅವರು ಸೋಮವಾರದ ಕಾರಿನಲ್ಲೇ ಹೋಗಲಿ.